ಎರಡು ಲಕ್ಷದ ಕನ್ವರ್ಟರ್ ಮತ್ತು ಹತ್ತು ಸುತ್ತಿನ ಪರೀಕ್ಷೆ: ನನ್ನ ಅನುಭವ

ಕಲಬುರಗಿಯಲ್ಲಿ ತತ್ವಪದ, ಭಜನೆ, ಕವ್ವಾಲಿಗಳನ್ನು ಧ್ವನಿಮುದ್ರಿಸಿಕೊಡುವ ಚಿಕ್ಕ ಸ್ಟುಡಿಯೋ ನನ್ನದು. ಹದಿನೈದು-ಹದಿನಾರು ಸಾವಿರ ರೂಪಾಯಿಯ ಎರಡು ಚಾನೆಲ್ ಇಂಟರ್‌ಫೇಸಿನಲ್ಲಿಯೇ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ, ಒಳಗೆ ಕನ್ವರ್ಟರೂ ಇರುವ ಪೆಟ್ಟಿಗೆ) ಕೆಲಸ ನಡೆಸುತ್ತ ಬಂದಿದ್ದೇನೆ. ಸದ್ದನ್ನು ಕಂಪ್ಯೂಟರಿನ ಅಂಕಿಗಳಾಗಿಯೂ ಅಂಕಿಗಳನ್ನು ಮತ್ತೆ ಸದ್ದಾಗಿಯೂ ಬದಲಿಸುವ ಕನ್ವರ್ಟರ್ ಎರಡು ಲಕ್ಷದ ಆಸುಪಾಸಿನದಲ್ಲದೆ ಹೋದರೆ ಧ್ವನಿಗೆ ಜೀವ ಬರುವುದಿಲ್ಲವೆಂದು ಹೈದರಾಬಾದಿನ ಮಿತ್ರರೂ ಇಲ್ಲಿನ ಹಿರಿಯ ಧ್ವನಿ ತಂತ್ರಜ್ಞರೊಬ್ಬರೂ ಹೇಳುತ್ತಲೇ ಇದ್ದರು. ಕೊಳ್ಳುವ ಮೊದಲು ಪರೀಕ್ಷಿಸಿ ನೋಡುತ್ತೇನೆಂದಾಗ ಆ ಹಿರಿಯರು, "ಹದಿನೈದು ಸಾವಿರದ್ದಕ್ಕೂ ಎರಡು ಲಕ್ಷದ್ದಕ್ಕೂ ಫರಕ್ ಗೊತ್ತಾಗಲ್ಲಂದ್ರ ಮೊದಲ ಕಿವಿ ತೋರಸ್ರಿ" ಎಂದು ನಕ್ಕರು. ಈಗ ಅವರೇ ನನ್ನ ಪರೀಕ್ಷೆಯ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದಿರುವುದರಿಂದ, ನಡೆದದ್ದನ್ನು ಬರೆದಿಡಬಹುದೆನಿಸಿತು.

ದುಬಾರಿ ಯಂತ್ರವನ್ನು ಠೇವಣಿ ಇಟ್ಟು ಹೈದರಾಬಾದಿನಿಂದ ಕೆಲವು ವಾರಗಳ ಮಟ್ಟಿಗೆ ತಂದೆ. ಎರಡನ್ನೂ ಪಕ್ಕದಲ್ಲಿಟ್ಟು ಸ್ವಿಚ್ ಬದಲಿಸುತ್ತ ಕೇಳಿದಾಗ ದುಬಾರಿಯದೇ ಚೆನ್ನಾಗಿ ಕೇಳಿಸಿತು, ಬಂದವರೆಲ್ಲರೂ ಅದನ್ನೇ ಹೇಳಿದರು. ಮಲ್ಟಿಮೀಟರ್ ಹಿಡಿದು ಔಟ್‌ಪುಟ್ ಅಳೆದಾಗ ಅದು ಅರ್ಧ ಡೆಸಿಬಲ್‌ಗಿಂತ ತುಸು ಹೆಚ್ಚೇ ಜೋರಾಗಿತ್ತು. ಅಷ್ಟು ಅಂತರವನ್ನು ಕಿವಿಯು "ಜೋರು" ಎಂದು ಗುರುತಿಸದೆ "ಸ್ಪಷ್ಟ", "ತುಂಬು" ಎಂದೇ ಗುರುತಿಸುತ್ತದೆ. ಮಟ್ಟವನ್ನು 0.1 ಡೆಸಿಬಲ್ ಒಳಗೆ ಸರಿಹೊಂದಿಸಬೇಕು, ಅಂದರೆ ಒಂದು ವೋಲ್ಟಿಗೆ ಸುಮಾರು 12 ಮಿಲಿವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಅಗ್ಗದ ಮಲ್ಟಿಮೀಟರುಗಳ ಎಸಿ ಅಳತೆಯನ್ನು ಸಾಮಾನ್ಯವಾಗಿ 400 ಹರ್ಟ್ಸ್‌ವರೆಗೆ ಮಾತ್ರ ನಂಬಬಹುದಾದ್ದರಿಂದ, ಒಂದು ಕಿಲೋಹರ್ಟ್ಸ್ ಟೋನ್ ಬಿಟ್ಟು 220ರ ಸುತ್ತಮುತ್ತಲಿನ ಟೋನ್ ಬಳಸಿದೆ. ಮಟ್ಟ ಸರಿಹೋದ ಮೇಲೆ ಹೊಗಳಿಕೆಯ ಮಾತುಗಳು ಅರ್ಧಕ್ಕಿಳಿದವು.

ಆಮೇಲೆ ಎರಡರ ರೆಕಾರ್ಡಿಂಗುಗಳನ್ನೂ ತೆಗೆದುಕೊಂಡು, ಒಂದರ ಅಲೆಯನ್ನು ತಲೆಕೆಳಗು ಮಾಡಿ (ಫೇಸ್ ತಿರುಗಿಸಿ) ಕೂಡಿಸಿ, ಸಮಾನವಾದದ್ದೆಲ್ಲ ಅಳಿದ ಮೇಲೆ ಉಳಿಯುವುದೇನೆಂದು ನೋಡಹೊರಟೆ. ಅದು ಪೂರ್ತಿ ಕೆಟ್ಟಿತು. ಎರಡು ಯಂತ್ರಗಳಿಗೆ ಎರಡು ಕ್ಲಾಕ್ (ವೇಗವನ್ನು ನಿರ್ಧರಿಸುವ ಒಳಗಿನ ಗಡಿಯಾರ) ಇದ್ದು, ಅವುಗಳ ನಡುವೆ ಹತ್ತು ಲಕ್ಷಕ್ಕೆ ಇಪ್ಪತ್ತು ಭಾಗದಷ್ಟು ಅಂತರವಿದ್ದರೂ ನಾಲ್ಕು ನಿಮಿಷದ ಹಾಡಿನ ಕೊನೆಗೆ ಐದು ಮಿಲಿಸೆಕೆಂಡುಗಳ ಸಮೀಪ ಜಾರಿರುತ್ತದೆ. ಹೀಗೆ ಉಳಿದ ಸದ್ದನ್ನು ಕೇಳಿದ ಮಿತ್ರರೊಬ್ಬರು ಇದೇ ಕನ್ವರ್ಟರಿನ ಗುಣವೆಂದು ಸಂಭ್ರಮಿಸಿದರು. ಆಗಲೇ ಒಂದರೊಡನೆ ಇನ್ನೊಂದನ್ನು ನೇರವಾಗಿ ಹೋಲಿಸುವುದನ್ನು ಬಿಟ್ಟು, ಪ್ರತಿ ಯಂತ್ರದ ಔಟ್‌ಪುಟ್ಟನ್ನು ಅದರದೇ ಇನ್‌ಪುಟ್ಟಿಗೆ ಸುತ್ತಿ, ಮೂಲ ಫೈಲಿನೊಂದಿಗೆ ಹೋಲಿಸತೊಡಗಿದೆ. ನುಡಿಸುವುದೂ ಮುದ್ರಿಸುವುದೂ ಒಂದೇ ಕ್ಲಾಕಿನಲ್ಲಿ ನಡೆಯುವುದರಿಂದ ಜಾರಾಟವಿಲ್ಲ. ಸ್ಯಾಂಪಲ್ಲಿನ (ಸದ್ದಿನ ಒಂದೊಂದು ಅಳತೆಯ) ಭಿನ್ನಾಂಶದಷ್ಟು ಉಳಿಯುವ ವಿಳಂಬವನ್ನು ಸರಿಪಡಿಸಲು ನಾನು ಕಂಡುಕೊಂಡ ಉಪಾಯ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಈ ಫೈಲುಗಳನ್ನು ಮೂಲ ಫೈಲಿನೊಂದಿಗೆ ಫೂಬಾರ್ ಎಂಬ ಪ್ಲೇಯರ್ ತಂತ್ರಾಂಶದ ಎಬಿಎಕ್ಸ್‌ನಲ್ಲಿ (ಎರಡರಲ್ಲಿ ಯಾವುದೆಂದು ಹೇಳದೆ ಕೇಳಿಸಿ ಗುರುತಿಸಲು ಹೇಳುವ ಪರೀಕ್ಷೆ) ಹಾಕಿ, ಯಾರೂ ಆಕ್ಷೇಪಿಸದಂತೆ ದುಬಾರಿ ಯಂತ್ರದ ಮೂಲಕವೇ ಎಲ್ಲರಿಗೂ ಕೇಳಿಸಿದೆ. ಹದಿನಾರರಲ್ಲಿ ಹನ್ನೆರಡನ್ನಾದರೂ ಸರಿಯಾಗಿ ಹೇಳಿದರೆ ಅದು ಬರಿಯ ಅದೃಷ್ಟವಾಗಿರುವ ಸಂಭವ ನೂರಕ್ಕೆ ನಾಲ್ಕರಷ್ಟು ಮಾತ್ರ. ನನ್ನನ್ನೂ ಸೇರಿಸಿ ಎಲ್ಲರೂ ಏಳು, ಎಂಟು, ಒಂಬತ್ತರಲ್ಲಿಯೇ ನಿಂತೆವು. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೂ, ಎಸ್‌ಎಸಿಡಿಯ (ಸಿಡಿಗಿಂತ ಹೆಚ್ಚಿನ ಗುಣಮಟ್ಟದ ಡಿಸ್ಕ್) ಧ್ವನಿಯನ್ನು ನಡುವೆ ಸಿಡಿ ಗುಣಮಟ್ಟದ 16 ಬಿಟ್, 44.1 ಕಿಲೋಹರ್ಟ್ಸ್ ಕನ್ವರ್ಟರಿನ ಮೂಲಕ ಹಾಯಿಸಿದಾಗ, ಸಾಮಾನ್ಯ ಮಟ್ಟದಲ್ಲಿ ಕೇಳಿದವರು ಗುರುತಿಸಿದ್ದು ಅರ್ಧದಷ್ಟೇ, ಅಂದರೆ ಬರಿಯ ಊಹೆಯಷ್ಟೇ. ಆದರೆ ಹಿರಿಯರು ಎತ್ತಿದ ಆಕ್ಷೇಪ ಗಟ್ಟಿಯಾಗಿತ್ತು: ಪರೀಕ್ಷೆಯೇ ಮೊಂಡಾಗಿದ್ದರೆ ಫರಕ್ ಇಲ್ಲವೆಂಬ ಉತ್ತರಕ್ಕೆ ಬೆಲೆಯೇನು?

ಹತ್ತು ಸುತ್ತಿನ ಯೋಚನೆ ಹುಟ್ಟಿದ್ದು ಈ ಆಕ್ಷೇಪದಿಂದ. ಒಂದು ಸಲ ಹೊರಗೆ ಹೋಗಿ ಒಳಗೆ ಬಂದ ಫೈಲನ್ನೇ ಮತ್ತೆ ಕಳುಹಿಸುತ್ತ ಹೋದರೆ, ಯಂತ್ರದ ಗುಸುಗುಸು (ಅದು ತಾನೇ ಸೇರಿಸುವ ಸಣ್ಣ ಹಿನ್ನೆಲೆ ಸದ್ದು) ಹತ್ತನೆಯ ಸುತ್ತಿಗೆ 10 ಡೆಸಿಬಲ್ ಏರುತ್ತದೆ ಮತ್ತು ಫ್ರೀಕ್ವೆನ್ಸಿ ರೆಸ್ಪಾನ್ಸಿನ ಇಳಿತವು (ಕೆಲವು ಕಂಪನಗಳ ಸದ್ದು ಕುಗ್ಗುವುದು), ಡೆಸಿಬಲ್ ಲೆಕ್ಕದಲ್ಲಿ, ಹತ್ತರಷ್ಟಾಗುತ್ತದೆ. ನನ್ನ ಅಗ್ಗದ ಇಂಟರ್‌ಫೇಸ್ 18 ಕಿಲೋಹರ್ಟ್ಸ್ ಹತ್ತಿರ ಕಾಲು ಡೆಸಿಬಲ್‌ನಷ್ಟು ಬೀಳುತ್ತಿತ್ತು, ಹತ್ತು ಸುತ್ತಿಗೆ ಅದು ಎರಡೂವರೆಯಾಯಿತು. ಮೂಲ ಫೈಲಿಗಾಗಿ ಏಕತಾರಿ, ದಮ್ಮಡಿ, ತಾಳಗಳಿದ್ದ ತತ್ವಪದವೊಂದನ್ನು ಆರಿಸಿದ್ದೆ, ಏಕೆಂದರೆ ತಾಳದ ಪೆಟ್ಟು ಮತ್ತು ಏಕತಾರಿಯ ನಾದ ಆರುವ ಕೊನೆಯ ಗಳಿಗೆ, ಈ ಎರಡೂ ಕನ್ವರ್ಟರಿಗೆ ಕಠಿಣವಾದ ಜಾಗಗಳು. ತಾಳ ಹಾಕುವ ಹುಡುಗನೇ ಹತ್ತನೆಯ ಸುತ್ತಿನಲ್ಲಿ ಅಗ್ಗದ ಯಂತ್ರವನ್ನು ಹದಿನಾರರಲ್ಲಿ ಹದಿಮೂರೋ ಹದಿನಾಲ್ಕೋ ಸಲ ಹಿಡಿದನು, ತಾಳ "ಮಬ್ಬಾಗ್ಯಾದ" ಎಂದನು. ಅರವತ್ತು ದಾಟಿದ ಹಿರಿಯರಿಗೆ ಅದು ಕೇಳಿಸಲಿಲ್ಲ. ಇಪ್ಪತ್ತನೆಯ ಸುತ್ತಿನಲ್ಲಿ, ಹೆಡ್‌ಫೋನಿನ ವಾಲ್ಯೂಮ್ ಏರಿಸಿಕೊಂಡು, ಏಕತಾರಿ ಆರುವಾಗಿನ ಗುಸುಗುಸುವಿನಿಂದ ಅವರೂ ಹಿಡಿದರು. ದುಬಾರಿ ಯಂತ್ರವನ್ನು ಇಪ್ಪತ್ತನೆಯ ಸುತ್ತಿನಲ್ಲಿಯೂ ಯಾರೂ ಹಿಡಿಯಲಿಲ್ಲ. ಪರೀಕ್ಷೆ ಮೊಂಡಲ್ಲವೆಂದು ಎಲ್ಲರೂ ಒಪ್ಪಿದರು. ದುಬಾರಿ ಯಂತ್ರ ನಿಜವಾಗಿಯೂ ಉತ್ತಮವಾಗಿದೆ, ಆದರೆ ನನ್ನ ಕೆಲಸದಲ್ಲಿ ಹಾಡು ಕನ್ವರ್ಟರನ್ನು ದಾಟುವುದು ಒಂದು ಸಲ, ಹೆಚ್ಚೆಂದರೆ ಎರಡು ಸಲ.

ಕೋಣೆಯ ಲೆಕ್ಕವನ್ನೂ ಹಾಕಿದೆ. ಫ್ಯಾನ್ ನಿಲ್ಲಿಸಿದ ರಾತ್ರಿಯಲ್ಲಿ ನನ್ನ ಕೋಣೆಯ ಸದ್ದು 33 ಡೆಸಿಬಲ್ ಆಸುಪಾಸಿನಲ್ಲಿರುತ್ತದೆ, ಮೈಕಿನ ಮುಂದೆ ಕೂಗಿ ಹಾಡುವವರ ಧ್ವನಿ 100ಕ್ಕೆ ಮುಟ್ಟುತ್ತದೆ. ನಡುವಿನ ಅಂತರ 70ರ ಒಳಗೆ. ಅಗ್ಗದ ಕನ್ವರ್ಟರೂ ನೂರರ ಮೇಲಿನ ಡೈನಾಮಿಕ್ ರೇಂಜ್ (ಅತಿ ಜೋರಿನ ಸದ್ದಿಗೂ ತನ್ನ ಗುಸುಗುಸುವಿಗೂ ನಡುವಿನ ಅಂತರ) ಕೊಡುವಾಗ ಅದರ ಗುಸುಗುಸು ಕೋಣೆಯ ಸದ್ದಿನ ಎಷ್ಟೋ ಕೆಳಗೆ ಹೂತುಹೋಗಿರುತ್ತದೆ. 24 ಬಿಟ್ಟಿನ 144 ಡೆಸಿಬಲ್ ಎಂಬುದು ಕಾಗದದ ಮೇಲಿನ ಸಂಖ್ಯೆ.

ಆದ್ದರಿಂದ ಹಣವನ್ನು ಕೋಣೆಗೆ ಹಾಕಿದೆ. ಶಹಾಬಾದ್ ಕಲ್ಲಿನ ನೆಲವೂ ಬೋಳು ಗೋಡೆಗಳೂ ಧ್ವನಿಯನ್ನು ಎಸೆದಾಡುತ್ತಿದ್ದವು. ಮೊದಲು ಮನೆಯ ಕೌದಿಗಳನ್ನು ತೂಗುಹಾಕಿದ್ದರಿಂದ ಮೇಲಿನ ಚುರುಕು ಸತ್ತಿತೇ ಹೊರತು ಕೆಳಗಿನ ಗುಂಯ್‌ಗುಡುವಿಕೆ ಹಾಗೆಯೇ ಉಳಿಯಿತು. ಸದ್ದು ಹೀರುವ, ಕಲ್ಲಿನ ನಾರಿನ ನಾಲ್ಕು ಇಂಚಿನ ರಾಕ್‌ವೂಲ್ ಹಲಗೆಗಳನ್ನು ಗೋಡೆಯಿಂದ ಅಷ್ಟೇ ದೂರ ಬಿಟ್ಟು ನಿಲ್ಲಿಸಲು ಮೂವತ್ತೈದು ಸಾವಿರದಷ್ಟು ಖರ್ಚಾಯಿತು. 50 ಮತ್ತು 100 ಹರ್ಟ್ಸ್‌ನ ಹಮ್ಮಿಗಾಗಿ ಅರ್ಥಿಂಗ್ ಗುಂಡಿಯನ್ನು ಹೊಸದಾಗಿ ತೆಗೆಸಿ, ಇದ್ದಿಲು ಉಪ್ಪು ತುಂಬಿಸಿ, ಎಲ್ಲ ಸಾಧನಗಳನ್ನೂ ಒಂದೇ ಲೈನಿಗೆ ತರಲು ಎಂಟೊಂಬತ್ತು ಸಾವಿರ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುವುದರಿಂದ ಮಾರ್ಚ್ ಬಂತೆಂದರೆ ಗುಂಡಿಗೆ ನೀರು ಹಾಕುತ್ತಿರಬೇಕು. ಈ ಎರಡು ಕೆಲಸಗಳಾದ ಮೇಲಿನ ಬದಲಾವಣೆಯನ್ನು ಎಬಿಎಕ್ಸ್ ಇಲ್ಲದೆಯೇ ಬಾಗಿಲ ಹೊರಗೆ ನಿಂತವರೂ ಹೇಳಬಲ್ಲರು.

ದುಬಾರಿ ಯಂತ್ರ ಕೈಯಲ್ಲಿದ್ದಾಗ ಇನ್ನೆರಡನ್ನು ನೋಡಿಕೊಂಡೆ. ಹೊರಗಿನ ಕ್ಲಾಕ್ ಜೋಡಿಸಿದರೆ ಧ್ವನಿ ಅರಳುತ್ತದೆಂಬ ಮಾತಿತ್ತು, ಅಳತೆಯಲ್ಲಿಯೂ ಕಿವಿಯಲ್ಲಿಯೂ ಏನೂ ಅರಳಲಿಲ್ಲ. ಹಲವು ಯಂತ್ರಗಳನ್ನು ಒಟ್ಟಿಗೆ ನಡೆಸಲು ಅದು ಬೇಕು, ಒಂದೇ ಯಂತ್ರಕ್ಕೆ ಒಳಗಿನ ಕ್ಲಾಕ್ ಸಾಕು. ಫೋನಿಗೆ ಹಾಕುವ ಸಾವಿರ ರೂಪಾಯಿಯ ಹೆಡ್‌ಫೋನ್ ಡಾಂಗಲನ್ನು ಒಂದು ಸುತ್ತಿಗೆ ಸೇರಿಸಿದಾಗ ಅದನ್ನೂ ಯಾರೂ ಹಿಡಿಯಲಿಲ್ಲ. ಇದನ್ನು ಹೈದರಾಬಾದಿನ ಮಿತ್ರರು ಇಂದಿಗೂ ನಂಬಿಲ್ಲ.

ದುಬಾರಿ ಯಂತ್ರದಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ಅದರ ಡ್ರೈವರ್, ಅಂದರೆ ಯಂತ್ರವನ್ನು ಕಂಪ್ಯೂಟರಿನೊಡನೆ ಹೊಂದಿಸುವ ತಂತ್ರಾಂಶ. ಬಫರನ್ನು (ಒಮ್ಮೆಗೆ ಕೂಡಿಟ್ಟು ಕಳುಹಿಸುವ ಸ್ಯಾಂಪಲ್‌ಗಳ ಸಂಖ್ಯೆ) 64ಕ್ಕೆ ಇಳಿಸಿದರೂ ಚಟಪಟ ಸದ್ದಿಲ್ಲದೆ ನಡೆಯಿತು, ಹಾಡುವವರಿಗೆ ಹೆಡ್‌ಫೋನಿನಲ್ಲಿ ತಮ್ಮ ಧ್ವನಿ ತಡವಾಗಿ ಕೇಳಿಸುವ ಕಿರಿಕಿರಿ ತಪ್ಪಿತು. ಇಡೀ ಭಜನಾ ಮಂಡಳಿಯನ್ನು ಒಟ್ಟಿಗೆ ಮುದ್ರಿಸುವವರು ಹೆಚ್ಚು ಚಾನೆಲ್‌ಗಳಿಗಾಗಿ, ಗಟ್ಟಿ ಡ್ರೈವರಿಗಾಗಿ ಹಣ ಕೊಡುವುದಾದರೆ ನನ್ನ ತಕರಾರಿಲ್ಲ. ನಾನು ಯಂತ್ರವನ್ನು ಮರಳಿಸಿ, ಠೇವಣಿಯಲ್ಲಿ ಬಾಡಿಗೆ ಮುರಿದುಕೊಂಡು ಉಳಿದದ್ದನ್ನು ತೆಗೆದುಕೊಂಡೆ, ಅದರಲ್ಲಿ ಎಂಟು ಚಾನೆಲ್‌ನ ಹಳೆಯ ಇಂಟರ್‌ಫೇಸೊಂದನ್ನು ನಲವತ್ತು ಸಾವಿರದೊಳಗೆ ಕೊಂಡೆ. ಅದರ ಹತ್ತು ಸುತ್ತು ಇನ್ನೂ ಆಗಬೇಕಿದೆ.