ಟರ್ಬೈನ್ ನಡುಗಿದರೆ ಮೊದಲು ಲೋಡ್ ಬದಲಿಸಿ ನೋಡಿ

ಜಲವಿದ್ಯುತ್ ಟರ್ಬೈನ್‌ನಲ್ಲಿ ವೈಬ್ರೇಶನ್ ಹೆಚ್ಚಾಗಿದೆ ಎಂದು ಯಾರಾದರೂ ರೀಡಿಂಗ್ ತಂದುಕೊಟ್ಟರೆ ನಾನು ಮೊದಲು ಕೇಳುವುದು ಒಂದೇ: ಅಳೆದಾಗ ಲೋಡ್, ಅಂದರೆ ಮೆಷಿನ್ ಕೊಡುತ್ತಿದ್ದ ವಿದ್ಯುತ್, ಎಷ್ಟಿತ್ತು? ಅದನ್ನು ಬರೆದಿಟ್ಟಿಲ್ಲವೆಂದರೆ ಆ ಕಾಗದದಿಂದ ನನಗೆ ಹೆಚ್ಚೇನೂ ತಿಳಿಯುವುದಿಲ್ಲ. ತಿರುಗುವ ಉಕ್ಕಿನ ದೋಷ ವೇಗದ ಹಿಂದೆ ಹೋಗುತ್ತದೆ, ನೀರಿನ ದೋಷ ಹರಿವಿನ ಹಿಂದೆ ಹೋಗುತ್ತದೆ. ಇವೆರಡನ್ನೂ ಬೇರ್ಪಡಿಸುವ ಮುಂಚೆ ಯಾರೂ ಸ್ಪ್ಯಾನರ್ ಹಿಡಿಯಬಾರದು.

ನಾನಿದನ್ನು ಕಲಿತದ್ದು 375 ಆರ್‌ಪಿಎಂನ ಒಂದು ಫ್ರಾನ್ಸಿಸ್ ಯೂನಿಟ್‌ನಲ್ಲಿ (ನೀರು ಸುತ್ತಲಿಂದ ಒಳಬಂದು ನಡುವಿನಿಂದ ಕೆಳಗಿಳಿಯುವ ಟರ್ಬೈನ್), ಕೆಲಸಕ್ಕೆ ಸೇರಿದ ಮೂರನೆಯ ವರ್ಷ. ಶಾಫ್ಟ್ ಪಕ್ಕಕ್ಕೆ ವಾಲದಂತೆ ಹಿಡಿಯುವ ಟರ್ಬೈನ್ ಗೈಡ್ ಬೇರಿಂಗ್ ಹತ್ತಿರ ಶಾಫ್ಟ್‌ನ ಓಲಾಟ ಏರಿತ್ತು. ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಕಂಪನ ಎಂಬ ಚಿತ್ರ) ತೆಗೆದರೆ 6.25 ಹರ್ಟ್ಸ್‌ನಲ್ಲಿ, ಅಂದರೆ ಸುತ್ತಿಗೊಮ್ಮೆ ಬರುವ ಜಾಗದಲ್ಲಿ, ಒಂದೇ ಎತ್ತರದ ಗೆರೆ. ಅನ್‌ಬ್ಯಾಲೆನ್ಸ್, ಅಂದರೆ ರೋಟರ್‌ನ ತೂಕ ಒಂದು ಬದಿಗೆ ಹೆಚ್ಚಿದೆ, ಎಂದು ತೀರ್ಮಾನಿಸಿ ಎರಡು ದಿನ ರೋಟರ್‌ಗೆ ತೂಕ ಕಟ್ಟಿದೆವು, ಬಿಚ್ಚಿದೆವು, ಮತ್ತೆ ಕಟ್ಟಿದೆವು. ಲೋಡ್ ಇಲ್ಲದೆ ಓಡುವಾಗ ಸುಮ್ಮನಿದ್ದ ಮೆಷಿನ್ ಮುಕ್ಕಾಲು ಲೋಡಿಗೆ ಹೋದ ಕೂಡಲೇ ಮತ್ತೆ ನಡುಗುತ್ತಿತ್ತು. ಮೂರನೆಯ ದಿನ ನಮ್ಮ ಹಿರಿಯ ಫೋರ್‌ಮನ್ ಯೂನಿಟ್ ನಿಲ್ಲಿಸಿ, ನೀರು ಖಾಲಿ ಮಾಡಿಸಿ, ಟಾರ್ಚ್ ಹಿಡಿದು ಒಳಗೆ ಹೋದರು. ನೀರು ತಿರುಗಿಸುವ ಚಕ್ರವಾದ ರನ್ನರ್‌ನ ಎರಡು ಬ್ಲೇಡ್‌ಗಳ ನಡುವೆ ತೋಳಿನ ದಪ್ಪದ ಮರದ ತುಂಡು ಸಿಕ್ಕಿಕೊಂಡಿತ್ತು. ಆ ಒಂದು ದಾರಿ ಮುಚ್ಚಿದ್ದರಿಂದ ನೀರಿನ ತಳ್ಳುವಿಕೆ ಒಂದು ಬದಿಗೆ ವಾಲಿತ್ತು, ಆ ವಾಲಿಕೆ ಶಾಫ್ಟ್ ಜೊತೆಗೇ ಸುತ್ತುತ್ತಿತ್ತು. ಸ್ಪೆಕ್ಟ್ರಮ್‌ನಲ್ಲಿ ನೋಡಿದರೆ ಅದು ಅನ್‌ಬ್ಯಾಲೆನ್ಸ್‌ನಂತೆಯೇ ಇರುತ್ತದೆ. ವ್ಯತ್ಯಾಸ ಕಾಣುವುದು ಲೋಡ್ ಬದಲಿಸಿದಾಗ ಮಾತ್ರ. ಎರಡು ದಿನ ನಾವು ಸರಿಯಾಗಿದ್ದ ರೋಟರನ್ನು ಕೆಡಿಸುತ್ತಿದ್ದೆವು.

ಅಳೆಯುವ ಮುಂಚೆ ಲೆಕ್ಕ

ಉಪಕರಣ ಜೋಡಿಸುವ ಮುಂಚೆ ನೋಟ್‌ಬುಕ್‌ನಲ್ಲಿ ಇಷ್ಟನ್ನು ಬರೆದುಕೊಳ್ಳಿ: ವೇಗ, ರನ್ನರ್ ಬ್ಲೇಡ್‌ಗಳ ಸಂಖ್ಯೆ, ಗೈಡ್ ವೇನ್‌ಗಳ (ಹರಿವನ್ನು ಹೆಚ್ಚು ಕಡಿಮೆ ಮಾಡುವ ಎಲೆಗಳು) ಸಂಖ್ಯೆ, ಜನರೇಟರ್‌ನ ಪೋಲ್‌ಗಳು (ಕಾಂತ ಧ್ರುವಗಳು), ಆ ದಿನದ ಹೆಡ್ (ನೀರು ಬೀಳುವ ಎತ್ತರ), ಟೇಲ್‌ರೇಸ್ (ಟರ್ಬೈನ್ ದಾಟಿದ ನೀರಿನ ಕಾಲುವೆ) ನೀರಿನ ಮಟ್ಟ. ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಟೇಲ್‌ರೇಸ್ ಮಟ್ಟ ಇಳಿದರೆ ರನ್ನರ್ ಕೆಳಗಿನ ಒತ್ತಡ ಇಳಿಯುತ್ತದೆ, ಆವಿಯ ಗುಳ್ಳೆ ಹೆಚ್ಚುತ್ತದೆ, ನಡುಕದ ಗುಣವೇ ಬದಲಾಗುತ್ತದೆ.

ನನ್ನ ಆ ಯೂನಿಟ್ಟನ್ನೇ ತೆಗೆದುಕೊಳ್ಳಿ. 375 ಆರ್‌ಪಿಎಂ ಎಂದರೆ ಸೆಕೆಂಡಿಗೆ 6.25 ಸುತ್ತು. ರನ್ನರ್ ಕೆಳಗೆ ನೀರು ಹೊರಹೋಗುವ ಕೊಳವೆಯಾದ ಡ್ರಾಫ್ಟ್ ಟ್ಯೂಬ್‌ನ ಸುಳಿ ಸಾಮಾನ್ಯವಾಗಿ ಇದರ 0.2ರಿಂದ 0.4 ಪಟ್ಟಿನಲ್ಲಿ ಬರುತ್ತದೆ, ಅಂದರೆ 1.25ರಿಂದ 2.5 ಹರ್ಟ್ಸ್. ರೈನ್‌ಗಾನ್ಸ್ ಎಂಬ ಎಂಜಿನಿಯರ್ 1940ರಲ್ಲಿ ಕೊಟ್ಟ ಸರಳ ಸೂತ್ರವನ್ನು ನಾನು ಇಂದಿಗೂ ಬಳಸುತ್ತೇನೆ: ಸುತ್ತಿನ ಆವರ್ತನವನ್ನು 3.6ರಿಂದ ಭಾಗಿಸಿ. ಇಲ್ಲಿ 1.74 ಹರ್ಟ್ಸ್ ಸಿಗುತ್ತದೆ. ರನ್ನರ್‌ಗೆ 16 ಬ್ಲೇಡ್ ಇದ್ದುದರಿಂದ ಬ್ಲೇಡ್ ಹಾದುಹೋಗುವ ಆವರ್ತನ 16 × 6.25 = 100 ಹರ್ಟ್ಸ್.

ಇಲ್ಲಿ ಒಂದು ಬಲೆ ಇದೆ. 50 ಹರ್ಟ್ಸ್ ಗ್ರಿಡ್‌ನಲ್ಲಿ ಜನರೇಟರ್‌ನ ತಿರುಗದ ಕಬ್ಬಿಣದ ಭಾಗವಾದ ಸ್ಟೇಟರ್ ಕೋರ್ ಕೂಡ 100 ಹರ್ಟ್ಸ್‌ನಲ್ಲೇ ನಡುಗುತ್ತದೆ. ಆ ವೇಗದ ಜನರೇಟರ್‌ಗೆ ಪೋಲ್‌ಗಳು 16, ಬ್ಲೇಡ್‌ಗಳೂ 16. ಎರಡೂ ಒಂದೇ ಇರುವ ಮೆಷಿನ್‌ನಲ್ಲಿ ಸ್ಪೆಕ್ಟ್ರಮ್ಮನ್ನು ಎಷ್ಟು ಸೂಕ್ಷ್ಮವಾಗಿ ಬಿಡಿಸಿದರೂ ನೀರಿನ 100 ಯಾವುದು, ಕಾಂತದ 100 ಯಾವುದು ಎಂದು ಗೊತ್ತಾಗುವುದಿಲ್ಲ. ಯೂನಿಟ್ಟನ್ನು ಗ್ರಿಡ್‌ನಿಂದ ಬಿಡಿಸಿ, ಪೂರ್ತಿ ವೇಗದಲ್ಲಿ ಓಡುತ್ತಿರುವಾಗ ಎಕ್ಸೈಟೇಶನ್ (ಪೋಲ್‌ಗಳಿಗೆ ಕಾಂತತೆ ಕೊಡುವ ವಿದ್ಯುತ್) ತೆಗೆಯಿರಿ. ಆ ಕ್ಷಣ ಮಾಯವಾದದ್ದು ಕಾಂತದ್ದು, ಉಳಿದದ್ದು ನೀರಿನದು.

ಮೂರು ಹಂತದ ಓಟ

ಒಂದನೆಯದು, ಎಕ್ಸೈಟೇಶನ್ ಇಲ್ಲದೆ ವೇಗವನ್ನು ಶೇ. 60, 80, 100ಕ್ಕೆ ಏರಿಸುವುದು. ರೋಟರ್‌ನ ನಿಜವಾದ ಅನ್‌ಬ್ಯಾಲೆನ್ಸ್ ಇದ್ದರೆ ಅದರ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ಶೇ. 60ರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕಾಣಬೇಕು. ಕಡಿಮೆ ವೇಗದಲ್ಲಿ ರೋಟರ್ ಭಾರ ಹೊರುವ ಥ್ರಸ್ಟ್ ಬೇರಿಂಗ್‌ನ ಎಣ್ಣೆ ಪದರ ತೆಳುವಾಗುತ್ತದೆ. ತಯಾರಕರು ಹೇಳಿದ ಕನಿಷ್ಠ ವೇಗಕ್ಕಿಂತ ಕೆಳಗೆ ನಿಲ್ಲಿಸಿಕೊಂಡು ಓಡಿಸಬೇಡಿ.

ಎರಡನೆಯದು, ಪೂರ್ತಿ ವೇಗದಲ್ಲೇ ಓಡಿಸುತ್ತಾ ವೋಲ್ಟೇಜ್ ಅನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು. ಸುತ್ತಿಗೊಮ್ಮೆ ಬರುವ ಕಂಪನ ಇಲ್ಲಿ ಜಿಗಿದರೆ ಏರ್‌ಗ್ಯಾಪ್ (ರೋಟರ್‌ಗೂ ಸ್ಟೇಟರ್‌ಗೂ ನಡುವಿನ ಸಂದು) ಅಸಮವಾಗಿದೆ ಅಥವಾ ಪೋಲ್‌ನ ಸುರುಳಿಯಲ್ಲಿ ಶಾರ್ಟ್ ಇದೆ. ನೀರಿನ ಕಡೆಯವರು ಅಲ್ಲಿಗೆ ಕೈ ತೊಳೆದುಕೊಂಡು ಕೆಲಸವನ್ನು ಎಲೆಕ್ಟ್ರಿಕಲ್‌ನವರಿಗೆ ಒಪ್ಪಿಸಬಹುದು.

ಮೂರನೆಯದು ಲೋಡ್. ಶೇ. 10ರ ಮೆಟ್ಟಿಲುಗಳಲ್ಲಿ ಏರಿಸಿ, ಪ್ರತಿಯೊಂದರಲ್ಲೂ ಹತ್ತು ನಿಮಿಷ ನಿಲ್ಲಿ. ಪ್ರತಿ ಮೆಟ್ಟಿಲಲ್ಲೂ ಗೈಡ್ ವೇನ್ ತೆರವು, ಮೆಗಾವ್ಯಾಟ್, ಶಾಫ್ಟ್ ಓಲಾಟ, ಹೆಡ್ ಕವರ್‌ನ (ರನ್ನರ್ ಮೇಲಿನ ಮುಚ್ಚಳ) ಲಂಬ ಕಂಪನ, ಡ್ರಾಫ್ಟ್ ಟ್ಯೂಬ್ ಒತ್ತಡ, ಎಲ್ಲವನ್ನೂ ಒಂದೇ ಸಮಯಕ್ಕೆ ದಾಖಲಿಸಿ. ನಂತರ ಇಳಿಸುವಾಗಲೂ ಅಳೆಯಿರಿ. ಆಮೇಲೆ ಲೋಡ್ ಅಡ್ಡಕ್ಕೆ, ಕಂಪನ ಉದ್ದಕ್ಕೆ ಇಟ್ಟು ಗ್ರಾಫ್ ಎಳೆದರೆ ಅರ್ಧ ಕೆಲಸ ಮುಗಿದಂತೆ. ಸುತ್ತಿನ ಆವರ್ತನದ ಗೆರೆ ಲೋಡ್ ಜೊತೆ ಏರುತ್ತಾ ಹೋದರೆ ರನ್ನರ್‌ನಲ್ಲಿ ಏನೋ ಸಿಕ್ಕಿಕೊಂಡಿದೆ, ಇಲ್ಲವೇ ಬ್ಲೇಡ್‌ಗಳ ನಡುವಿನ ಬಾಯಿಗಳು ಒಂದೇ ಅಳತೆಯಲ್ಲಿಲ್ಲ. ನಡುವಿನ ಲೋಡ್‌ನಲ್ಲಿ ಗುಡ್ಡದಂತೆ ಎದ್ದು ಮತ್ತೆ ಇಳಿದರೆ ಡ್ರಾಫ್ಟ್ ಟ್ಯೂಬ್ ಸುಳಿ.

ಉಪಕರಣ ಸುಳ್ಳು ಹೇಳದಂತೆ ನೋಡಿಕೊಳ್ಳಿ

ಡ್ರಾಫ್ಟ್ ಟ್ಯೂಬ್ ಸುಳಿಯನ್ನು ಹಿಡಿಯಲಾಗದೆ ಹೋದ ಎಷ್ಟೋ ವರದಿಗಳನ್ನು ನೋಡಿದ್ದೇನೆ. ಕಾರಣ ಬಹುಪಾಲು ಒಂದೇ. ಕೈಯಲ್ಲಿ ಹಿಡಿಯುವ ಹಲವು ವೈಬ್ರೇಶನ್ ಮೀಟರ್‌ಗಳು 10 ಹರ್ಟ್ಸ್‌ನಿಂದ ಮೇಲಷ್ಟೇ ಅಳೆಯುತ್ತವೆ. ನಮಗೆ ಬೇಕಾದದ್ದು 1.74.

ಒಮ್ಮೆ ಲೆಕ್ಕ ಹಾಕಿ ನೋಡಿ. 1.74 ಹರ್ಟ್ಸ್‌ನಲ್ಲಿ ಶಾಫ್ಟ್ ತುದಿಯಿಂದ ತುದಿಗೆ 200 ಮೈಕ್ರಾನ್ ಓಲಾಡುತ್ತಿದೆ ಎಂದುಕೊಳ್ಳಿ, ಯಾವ ಬೇರಿಂಗ್‌ಗೂ ಅದು ಹಿತವಲ್ಲ. ಅದೇ ಚಲನೆಯ ವೇಗ ಸೆಕೆಂಡಿಗೆ ಸುಮಾರು 1.1 ಮಿ.ಮೀ., ವೇಗೋತ್ಕರ್ಷ ಗುರುತ್ವದ ಸಾವಿರದ ಒಂದು ಭಾಗದಷ್ಟು. ಆಕ್ಸೆಲೆರೋಮೀಟರ್‌ನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಹಾಗಾಗಿ ಶಾಫ್ಟ್‌ಗೆ ಅದರ ದೂರವನ್ನು ಮುಟ್ಟದೆ ಅಳೆಯುವ ಪ್ರಾಕ್ಸಿಮಿಟಿ ಪ್ರೋಬ್ ಎರಡು, ಪರಸ್ಪರ 90 ಡಿಗ್ರಿಯಲ್ಲಿ ಇರಲೇಬೇಕು. ಡ್ರಾಫ್ಟ್ ಟ್ಯೂಬ್‌ನ ಮೇಲ್ಭಾಗವಾದ ಕೋನ್‌ನಲ್ಲಿ ಒತ್ತಡ ಅಳೆಯುವ ಪ್ರೆಷರ್ ಟ್ರಾನ್ಸ್‌ಡ್ಯೂಸರ್ ಇರಲೇಬೇಕು, ಅದೂ ಗೋಡೆಗೆ ಸಮನಾಗಿ ಕೂತಿರಬೇಕು. ಉದ್ದದ ಸಣ್ಣ ಕೊಳವೆಯ ತುದಿಗೆ ಸಿಕ್ಕಿಸಿದರೆ ಅದರೊಳಗಿನ ಗಾಳಿಯೇ ಸಿಗ್ನಲ್ ಕೆಡಿಸುತ್ತದೆ. ದಾಖಲೆ 40 ಸೆಕೆಂಡಿಗಿಂತ ಕಡಿಮೆ ಇದ್ದರೆ ಇಷ್ಟು ಕೆಳಗಿನ ಆವರ್ತನಗಳು ಒಂದರೊಳಗೊಂದು ಬೆರೆತುಹೋಗುತ್ತವೆ.

ಡ್ರಾಫ್ಟ್ ಟ್ಯೂಬ್ ಸುಳಿ

ಫ್ರಾನ್ಸಿಸ್ ರನ್ನರ್‌ನ ಬ್ಲೇಡ್‌ಗಳು ಅಲುಗುವುದಿಲ್ಲ. ತನಗೊಪ್ಪುವ ಹರಿವಿನಲ್ಲಿ ನೀರು ಬಹುತೇಕ ನೇರವಾಗಿ ಕೆಳಗಿಳಿಯುತ್ತದೆ. ಹರಿವು ಕಡಿಮೆಯಾದಾಗ ಅದು ರನ್ನರ್ ತಿರುಗುವ ದಿಕ್ಕಿನಲ್ಲೇ ಸುತ್ತುತ್ತಾ ಹೊರಬೀಳುತ್ತದೆ. ನಡುವೆ ನೀರು ಹೆಚ್ಚುಕಡಿಮೆ ನಿಂತಂತಾಗಿ, ಅದರ ಸುತ್ತ ಸುಳಿಯ ತಿರುಳು ತಿರುಪಿನ ಹಾಗೆ ಬಾಗಿ ಕೋನ್ ಒಳಗೆ ಸುತ್ತುಹಾಕುತ್ತದೆ. ತಿರುಳಿನಲ್ಲಿ ಒತ್ತಡ ಆವಿಯ ಮಟ್ಟಕ್ಕೆ ಇಳಿದರೆ ಮಾದರಿ ಟರ್ಬೈನ್‌ನ ಪಾರದರ್ಶಕ ಕೋನ್‌ನಲ್ಲಿ ಬೆಳ್ಳಗಿನ ಹಗ್ಗದಂತೆ ಕಣ್ಣಿಗೇ ಕಾಣುತ್ತದೆ. ನಾನು ಅದನ್ನು ಮೊದಲ ಸಲ ನೋಡಿದ ದಿನ ಗಂಟೆಗಟ್ಟಲೆ ಅಲ್ಲಿಂದ ಕದಲಲಿಲ್ಲ.

ಒತ್ತಡದ ಬಡಿತದಲ್ಲಿ ಎರಡು ಭಾಗಗಳಿವೆ, ಬೇರ್ಪಡಿಸದೆ ಮದ್ದು ಹುಡುಕಬೇಡಿ. ಕೋನ್‌ನ ಒಂದೇ ಎತ್ತರದಲ್ಲಿ ಎದುರುಬದುರು ಎರಡು ಟ್ರಾನ್ಸ್‌ಡ್ಯೂಸರ್ ಇಡಿ. ಎರಡರ ಮೊತ್ತದ ಅರ್ಧ ಎಲ್ಲೆಡೆ ಒಟ್ಟಿಗೆ ಏರಿಳಿಯುವ ಭಾಗ, ವ್ಯತ್ಯಾಸದ ಅರ್ಧ ಸುಳಿಯ ಜೊತೆ ಸುತ್ತುವ ಭಾಗ. ಸುತ್ತುವ ಭಾಗ ಕೋನ್ ಗೋಡೆಯನ್ನೂ ಶಾಫ್ಟ್ಟನ್ನೂ ಪಕ್ಕಕ್ಕೆ ತಳ್ಳುತ್ತದೆ. ಒಟ್ಟಿಗೆ ಏರಿಳಿಯುವ ಭಾಗ ಹೆಚ್ಚು ಅಪಾಯಕಾರಿ: ಅದು ಟರ್ಬೈನ್‌ಗೆ ನೀರು ತರುವ ಪೆನ್‌ಸ್ಟಾಕ್ ಕೊಳವೆಯಲ್ಲಿ ಮೇಲಕ್ಕೂ ಹೋಗುತ್ತದೆ, ಮೆಗಾವ್ಯಾಟ್ ಮೀಟರನ್ನೂ ಅಲ್ಲಾಡಿಸುತ್ತದೆ. ನೀರ ದಾರಿಯ ಸಹಜ ಆವರ್ತನಕ್ಕೆ ಅದು ಹತ್ತಿರ ಬಂದರೆ ಅನುರಣನ ಹುಟ್ಟಿ ಬಡಿತ ಬಲಿಯುತ್ತದೆ.

ಮದ್ದುಗಳಲ್ಲಿ ಮೊದಲನೆಯದು ಆ ಲೋಡ್‌ನಲ್ಲಿ ನಿಲ್ಲದಿರುವುದು. ಒರಟು ವಲಯ ಎಲ್ಲಿಂದ ಎಲ್ಲಿಯವರೆಗೆ ಎಂದು ಅಳೆದು, ಕಂಟ್ರೋಲ್ ರೂಮ್‌ನಲ್ಲಿ ಬರೆದು ಹಾಕಿ, ವೇಗ, ಲೋಡ್ ನಿಯಂತ್ರಿಸುವ ಗವರ್ನರ್ ಅದನ್ನು ಬೇಗ ದಾಟುವಂತೆ ಮಾಡಿ. ಹೆಡ್ ಬದಲಾದರೆ ವಲಯವೂ ಸರಿಯುತ್ತದೆ, ಆದ್ದರಿಂದ ಕನಿಷ್ಠ ಎರಡು ಹೆಡ್‌ಗಳಲ್ಲಿ ಅಳೆಯಿರಿ. ಎರಡನೆಯದು ಗಾಳಿ. ರನ್ನರ್ ಕೆಳಗೆ ಗಾಳಿ ಬಿಟ್ಟರೆ ಅನೇಕ ಸಲ ಬಡಿತ ಮೆತ್ತಗಾಗುತ್ತದೆ. ಆದರೆ ಗಾಳಿ ನೀರಿನ ದಾರಿಯನ್ನು ಮೃದುವಾಗಿಸುವುದರಿಂದ ಅದರ ಸಹಜ ಆವರ್ತನವನ್ನೂ ಕೆಳಗಿಳಿಸುತ್ತದೆ. ಇಲ್ಲದ ಅನುರಣನ ಅದರಿಂದಲೇ ಬಂದದ್ದೂ ಉಂಟು. ವಾಲ್ವ್ ಅನ್ನು ಸ್ವಲ್ಪಸ್ವಲ್ಪವೇ ತೆರೆದು, ಪ್ರತಿ ಸಲ ಅಳೆದು, ಎಲ್ಲಿ ಅತಿ ಕಡಿಮೆಯೋ ಅಲ್ಲಿ ನಿಲ್ಲಿಸಿ. ಕೋನ್ ಗೋಡೆಗೆ ಫಿನ್ ಬೆಸೆಯುವುದು ನನ್ನ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ದಕ್ಷತೆ ತಿನ್ನುತ್ತದೆ, ಬೆಸುಗೆ ಬಿಟ್ಟುಬಂದರೆ ಹೊಸ ತಾಪತ್ರಯ.

ಪೂರ್ತಿ ಲೋಡ್ ಮೀರಿದಾಗ ಸುಳಿ ರನ್ನರ್‌ಗೆ ವಿರುದ್ಧ ದಿಕ್ಕಿಗೆ ಹೋಗುತ್ತದೆ, ಹಗ್ಗದ ಬದಲು ನಡುವೆ ದಪ್ಪನೆಯ ಆವಿಯ ಕಂಬ ನಿಲ್ಲುತ್ತದೆ. ಅದು ಉಸಿರಾಡಿದಂತೆ ಹಿಗ್ಗಿ ಕುಗ್ಗತೊಡಗಿದರೆ ಮೆಗಾವ್ಯಾಟ್ ತೂಗಾಡುತ್ತದೆ. ಅಲ್ಲಿ ಗಾಳಿ ಕೆಲವೊಮ್ಮೆ ಕೆಟ್ಟದ್ದನ್ನೇ ಮಾಡುತ್ತದೆ. ಲೋಡ್ ಇಳಿಸಿ.

ಬೋಲ್ಟ್‌ಗಳ ಮಾತು

2009ರ ಆಗಸ್ಟ್ 17ರಂದು ರಷ್ಯಾದ ಸಯಾನೊ-ಶುಶೆನ್‌ಸ್ಕಯಾ ಜಲವಿದ್ಯುತ್ ಕೇಂದ್ರದಲ್ಲಿ 640 ಮೆಗಾವ್ಯಾಟ್‌ನ 2ನೇ ಯೂನಿಟ್‌ನ ಹೆಡ್ ಕವರ್ ಕಿತ್ತು ಹಾರಿತು. ನೀರು ನುಗ್ಗಿ 75 ಮಂದಿ ಸತ್ತರು. ಹೆಡ್ ಕವರ್ ಹಿಡಿದಿದ್ದ ಸ್ಟಡ್‌ಗಳಲ್ಲಿ ಆಮೇಲೆ ಸಿಕ್ಕ 49ನ್ನು ಪರೀಕ್ಷಿಸಿದಾಗ 41ರಲ್ಲಿ ಲೋಹದ ದಣಿವಿನ ಬಿರುಕುಗಳಿದ್ದವು. ಆ ಯೂನಿಟ್ ಓಡಿಸಬಾರದ ವಲಯವನ್ನು ಮತ್ತೆ ಮತ್ತೆ ಹಾಯುತ್ತಿತ್ತು. ಕಂಪನ ಬೇರಿಂಗನ್ನಷ್ಟೇ ಸವೆಸುತ್ತದೆ ಎಂದುಕೊಂಡವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ. ಒರಟು ವಲಯದಲ್ಲಿ ಕಳೆದ ನಿಮಿಷಗಳನ್ನು ಎಣಿಸಿ ಇಡಿ. ಪ್ರತಿ ದೊಡ್ಡ ನಿಲುಗಡೆಯಲ್ಲೂ ಹೆಡ್ ಕವರ್ ಸ್ಟಡ್‌ಗಳಿಗೆ ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿಸಿ. ನಟ್ ಬಿಗಿಯಾಗಿದೆ ಎಂದ ಮಾತ್ರಕ್ಕೆ ಒಳಗೆ ಬಿರುಕಿಲ್ಲ ಎಂದಲ್ಲ.

ಹಾಡುವ ವೇನ್

ಒಂದು ನಿರ್ದಿಷ್ಟ ಲೋಡ್‌ನಲ್ಲಿ ಮಾತ್ರ ಶುದ್ಧ ಸ್ವರದ ಗುಂಯ್‌ ಎಂಬ ಸದ್ದು ಬಂದು, ಲೋಡ್ ಸರಿಸಿದರೆ ನಿಂತರೆ, ಗೈಡ್ ವೇನ್‌ಗಳ ಹೊರಗೆ ಅಲುಗದೆ ನಿಂತಿರುವ ಸ್ಟೇ ವೇನ್‌ನ ಹಿಂತುದಿಯನ್ನು ಅನುಮಾನಿಸಿ. ತುದಿಯ ಎರಡೂ ಬದಿಯಿಂದ ಸರದಿಯಂತೆ ಸುಳಿಗಳು ಕಳಚುತ್ತವೆ. ಆವರ್ತನ ಸುಮಾರು 0.2 ಗುಣಿಸು ನೀರಿನ ವೇಗ, ಭಾಗಿಸು ತುದಿಯ ದಪ್ಪ. 12 ಮೀ./ಸೆ. ವೇಗ, 15 ಮಿ.ಮೀ. ದಪ್ಪಕ್ಕೆ 160 ಹರ್ಟ್ಸ್. ವೇನ್‌ನ ಸಹಜ ಆವರ್ತನ ಅಲ್ಲೇ ಇದ್ದರೆ ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಸುತ್ತಿಗೆ ಪರೀಕ್ಷೆಯನ್ನು ಒಣ ವೇನ್‌ಗೆ ಮಾಡಿ ಮೋಸಹೋಗಬೇಡಿ, ನೀರಿನೊಳಗೆ ಆ ಆವರ್ತನ ಸಾಕಷ್ಟು ಇಳಿಯುತ್ತದೆ. ತುದಿಯನ್ನು ಒಂದು ಬದಿಗೆ ಓರೆಯಾಗಿ ಉಜ್ಜಿದರೆ ಸಾಮಾನ್ಯವಾಗಿ ಹಾಡು ನಿಲ್ಲುತ್ತದೆ.

ಪಂಪ್‌ಗಳಲ್ಲಿ

ಇಲ್ಲೂ ಅದೇ ಕ್ರಮ, ಲೋಡ್ ಬದಲು ಡಿಸ್ಚಾರ್ಜ್ ವಾಲ್ವ್. ಪಂಪ್ ಒಳಗೆ ಜಲ್ಲಿಕಲ್ಲು ಉರುಳಿದಂತೆ ಸದ್ದು ಬಂದರೆ ಎಲ್ಲರೂ ಕ್ಯಾವಿಟೇಶನ್ (ಆವಿಯ ಗುಳ್ಳೆ ಹುಟ್ಟಿ ಒಡೆಯುವುದು) ಎನ್ನುತ್ತಾರೆ, ಆದರೆ ಎರಡು ಬೇರೆ ಕಾಯಿಲೆಗಳು ಅದೇ ಸದ್ದು ಮಾಡುತ್ತವೆ. ಹರಿವು ಹೆಚ್ಚಿಸಿ ನೋಡಿ. ಸದ್ದು ಏರಿದರೆ ಸಕ್ಷನ್ ಒತ್ತಡ ಸಾಲುತ್ತಿಲ್ಲ: ಸ್ಟ್ರೈನರ್ ನೋಡಿ, ನೀರಿನ ಮಟ್ಟ ನೋಡಿ. ಸದ್ದು ಇಳಿದರೆ ಪಂಪ್ ತೀರಾ ಕಡಿಮೆ ಹರಿವಿನಲ್ಲಿತ್ತು, ಪಂಪಿನ ಚಕ್ರವಾದ ಇಂಪೆಲ್ಲರ್‌ನ ಕಣ್ಣಿನಲ್ಲಿ (ನೀರು ಒಳಬರುವ ಬಾಯಿ) ನೀರು ಹಿಂದಕ್ಕೆ ತಿರುಗುತ್ತಿತ್ತು. ಅದಕ್ಕೆ ಸಕ್ಷನ್ ಪೈಪ್ ದಪ್ಪ ಮಾಡಿ ಪ್ರಯೋಜನವಿಲ್ಲ, ಬೈಪಾಸ್ ಕೊಡಬೇಕು ಅಥವಾ ಸರಿಯಾದ ಅಳತೆಯ ಇಂಪೆಲ್ಲರ್ ಹಾಕಬೇಕು. ಪಂಪ್‌ಗಳ ಎಪಿಐ 610 ಮಾನದಂಡ ಅತ್ಯುತ್ತಮ ದಕ್ಷತೆಯ ಹರಿವಿನ ಶೇ. 70ರಿಂದ 120ರೊಳಗೆ ಓಡಿಸಲು ಹೇಳುವುದು ಸುಮ್ಮನೆ ಅಲ್ಲ.

ಹರಿವು ಬದಲಿಸಿದರೂ ಇಂಪೆಲ್ಲರ್ ವೇನ್‌ಗಳು ಹಾದುಹೋಗುವ ಆವರ್ತನದ ಗೆರೆ ಎತ್ತರವಾಗಿಯೇ ಉಳಿದರೆ, ಇಂಪೆಲ್ಲರ್ ಅಂಚು ಮತ್ತು ವೊಲ್ಯೂಟ್ (ಸುರುಳಿಯಾಕಾರದ ಕವಚ) ನಾಲಿಗೆಯ ನಡುವಿನ ಸಂದು ಅಳೆಯಿರಿ. ಇಂಪೆಲ್ಲರ್ ತ್ರಿಜ್ಯದ ಶೇ. 6ಕ್ಕಿಂತ ಕಡಿಮೆಯಿದ್ದರೆ ನಾನು ನಾಲಿಗೆಯನ್ನು ಹಿಂದಕ್ಕೆ ಕತ್ತರಿಸಲು ಹೇಳುತ್ತೇನೆ.

ಲಂಬ ಪಂಪ್‌ಗಳಲ್ಲಿ ಸಂಪ್ ಒಳಗೆ ಇಣುಕಿ. ಮೇಲ್ಮೈಯಿಂದ ಗಾಳಿ ಎಳೆಯುವ ಸುಳಿ ಬಂದುಹೋಗುತ್ತಿದ್ದರೆ ಕಂಪನವೂ ಬಂದುಹೋಗುತ್ತಿರುತ್ತದೆ, ಸರಾಸರಿ ರೀಡಿಂಗ್‌ನಲ್ಲಿ ಅದು ಕಾಣದು. ಮುಳುಗಡೆಗೆ ಹೈಡ್ರಾಲಿಕ್ ಇನ್‌ಸ್ಟಿಟ್ಯೂಟ್‌ನ ಸೂತ್ರ ಇದೆ: ನೀರು ಎಳೆಯುವ ಅಗಲ ಬಾಯಿಯಾದ ಬೆಲ್‌ನ ವ್ಯಾಸವನ್ನು (1 + 2.3 × ಫ್ರೌಡ್ ಸಂಖ್ಯೆ)ಯಿಂದ ಗುಣಿಸಿ. ಫ್ರೌಡ್ ಸಂಖ್ಯೆ ಎಂದರೆ ಬಾಯಿಯಲ್ಲಿ ನೀರಿನ ವೇಗ, ಭಾಗಿಸು (ಗುರುತ್ವ × ಬೆಲ್ ವ್ಯಾಸ)ದ ವರ್ಗಮೂಲ. ಒಂದು ಮೀಟರ್ ಬೆಲ್, 1.7 ಮೀ./ಸೆ. ವೇಗವಾದರೆ ಫ್ರೌಡ್ ಸಂಖ್ಯೆ 0.54, ಬೆಲ್ ಬಾಯಿಯ ಮೇಲೆ ಸುಮಾರು 2.25 ಮೀಟರ್ ನೀರು ಬೇಕು.

ರಿಪೇರಿ ಆದ ಮೇಲೆ

ಮೊದಲು ಅಳೆದ ಅದೇ ಹೆಡ್, ಅದೇ ಟೇಲ್‌ರೇಸ್ ಮಟ್ಟ, ಅದೇ ಮೆಟ್ಟಿಲುಗಳಲ್ಲಿ ಮತ್ತೆ ಅಳೆಯಿರಿ, ಹಳೆಯ ಗ್ರಾಫ್ ಮೇಲೆಯೇ ಹೊಸದನ್ನು ಎಳೆಯಿರಿ. ಮರದ ತುಂಡು ತೆಗೆದ ಮೇಲೆ ನಮ್ಮ ಫೋರ್‌ಮನ್ ಮೊದಲು ಮಾಡಿಸಿದ ಕೆಲಸ, ನಾವು ಕಟ್ಟಿದ್ದ ತೂಕಗಳನ್ನೆಲ್ಲ ಬಿಚ್ಚಿಸಿದ್ದು. ಆಮೇಲೆ ಕಸ ತಡೆಯುವ ಸರಳುಗಳ ಟ್ರಾಶ್ ರ‍್ಯಾಕ್ ನೋಡಲು ಹೋದರು. ಅಲ್ಲಿ ಒಂದು ಸರಳು ಮುರಿದಿತ್ತು.