ಟವರ್‌ಗಳ ಗಡಿಯಾರ ಹೊಂದಿಸುವುದು ಹೇಗೆ?

5ಜಿಯ 3.3 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಟವರ್ ಕಳಿಸುವುದೂ ಕೇಳುವುದೂ ಒಂದೇ ಫ್ರೀಕ್ವೆನ್ಸಿಯಲ್ಲಿ, ಸರದಿಯ ಮೇಲೆ. ಇದೇ ಟಿಡಿಡಿ. ಅಕ್ಕಪಕ್ಕದ ಟವರ್‌ಗಳು ಒಟ್ಟಿಗೇ ಮಾತಾಡಬೇಕು, ಒಟ್ಟಿಗೇ ಸುಮ್ಮನಾಗಬೇಕು. ಒಂದರ ಗಡಿಯಾರ ಜಾರಿತೋ, ಅದರ ಅಬ್ಬರದಲ್ಲಿ ಪಕ್ಕದ ಟವರ್‌ಗೆ ಬರುತ್ತಿರುವ ಫೋನಿನ ಕ್ಷೀಣ ಸಿಗ್ನಲ್ ಮುಳುಗಿಹೋಗುತ್ತದೆ. ಕೆಟ್ಟಿದ್ದು ಒಂದೇ ಗಡಿಯಾರ, ದೂರು ಮಾತ್ರ ಸುತ್ತಲಿನ ಎಲ್ಲ ಟವರ್‌ಗಳಿಂದ.

ಎರಡು ಟವರ್‌ಗಳ ನಡುವೆ ವ್ಯತ್ಯಾಸ 3 ಮೈಕ್ರೊಸೆಕೆಂಡ್ ಮೀರಬಾರದು. ಅಂದರೆ ಒಂದೊಂದಕ್ಕೂ ಹಿಂದೆ ಮುಂದೆ 1.5 ಮೈಕ್ರೊಸೆಕೆಂಡ್ ಅವಕಾಶ. ಹತ್ತು ಲಕ್ಷಕ್ಕೆ 20 ಭಾಗ ತಪ್ಪುವ, ಗಡಿಯಾರ ನಡೆಸುವ ಸಾಮಾನ್ಯ ಕ್ರಿಸ್ಟಲ್ ಇಷ್ಟನ್ನು 75 ಮಿಲಿಸೆಕೆಂಡ್‌ನಲ್ಲೇ ಮುಗಿಸಿಬಿಡುತ್ತದೆ. ಹಾಗಾಗಿ ಪ್ರತಿ ಟವರ್‌ಗೂ ಹೊರಗಿನಿಂದ ನಿಖರ ಸಮಯ ಬೇಕು. ಸಾಮಾನ್ಯವಾಗಿ ಅದನ್ನು ಉಪಗ್ರಹಗಳಿಂದ ತಂದುಕೊಡುವುದು ಜಿಪಿಎಸ್ ರಿಸೀವರ್.

ಮೊದಲು ಆಂಟೆನಾ. ಸುತ್ತಲೂ ಆಕಾಶ ಕಾಣುವ ಕಡೆ ನೆಟ್ಟಗೆ ನಿಲ್ಲಿಸಿ. ನೀರಿನ ಟ್ಯಾಂಕ್, ತಗಡಿನ ಶೀಟು ಹತ್ತಿರವಿದ್ದರೆ ಸಿಗ್ನಲ್ ಅಲ್ಲಿ ಬಡಿದು ತಡವಾಗಿ ಬರುತ್ತದೆ. ಟವರ್‌ನ ಸ್ವಂತ ಆಂಟೆನಾಗಳ ಎದುರಿಗಂತೂ ಬೇಡ.

ಇನ್ನು ಕೇಬಲ್, ಹೆಚ್ಚಿನ ತಪ್ಪುಗಳಾಗುವುದು ಇಲ್ಲೇ. ಗಟ್ಟಿ ಪಾಲಿಥಿನ್ ತುಂಬಿದ ಕೇಬಲ್‌ನಲ್ಲಿ ಸಿಗ್ನಲ್‌ಗೆ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್ ತಡವಾಗುತ್ತದೆ, ಫೋಮ್ ತುಂಬಿದ್ದರಲ್ಲಿ ಸುಮಾರು 4. ಕೇಬಲ್ 40 ಮೀಟರ್ ಇದ್ದರೆ 200 ಅಥವಾ 160 ನ್ಯಾನೊಸೆಕೆಂಡ್. ಈ ಅಂಕಿಯನ್ನು ರಿಸೀವರ್‌ನ ಕೇಬಲ್ ವಿಳಂಬದ ಜಾಗದಲ್ಲಿ ತುಂಬಿ. ಪ್ಲಸ್ಸೋ ಮೈನಸ್ಸೋ ಎಂದು ಕೈಪಿಡಿ ನೋಡಿಯೇ ಬರೆಯಿರಿ. ಚಿಹ್ನೆ ತಿರುಗಿದರೆ 200ರ ತಪ್ಪು ಹೋಗುವ ಬದಲು 400 ಆಗುತ್ತದೆ. ಆಂಟೆನಾಕ್ಕೆ ಕರೆಂಟ್ ಹೋಗುವುದೂ ಇದೇ ಕೇಬಲ್‌ನಲ್ಲಿ. ಆ ಕರೆಂಟನ್ನು (ಡಿಸಿ) ಬಿಡದ ಸಿಡಿಲು ರಕ್ಷಕ ಹಾಕಿದರೆ ಆಂಟೆನಾ ಸತ್ತಂತೆ. ಕನೆಕ್ಟರ್‌ಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಒಳಗೆ ಹೋಗುವ ಮುನ್ನ ಕೇಬಲ್ ಒಮ್ಮೆ ಕೆಳಗೆ ಜೋತುಬೀಳಲಿ. ಇಲ್ಲವಾದರೆ ಮೊದಲ ಮಳೆಗೇ ನೀರು ಒಳಗೆ.

ರಿಸೀವರ್ ತನ್ನ ಜಾಗವನ್ನು ತಾನೇ ಅಳೆದುಕೊಳ್ಳಲು ಬಿಡಿ. ಅದಕ್ಕೆ ಕನಿಷ್ಠ 4 ಉಪಗ್ರಹ ಬೇಕು. ಜಾಗ ಗೊತ್ತಾದ ಮೇಲೆ ಸಮಯಕ್ಕೆ ಒಂದಾದರೂ ಸಾಕು.

ಪರೀಕ್ಷೆಯನ್ನು ಟವರ್ ಹತ್ತುವ ಮೊದಲೇ ಮುಗಿಸಿ. ಎರಡು ರಿಸೀವರ್‌ಗಳನ್ನು ಒಂದೇ ಮೇಜಿನ ಮೇಲಿಟ್ಟು, ಸೆಕೆಂಡಿಗೊಂದು ಮಿಡಿತ ಕೊಡುವ ಒನ್ ಪಿಪಿಎಸ್ ಔಟ್‌ಪುಟ್‌ಗಳನ್ನು ಸಮಾನ ಉದ್ದದ ಕೇಬಲ್‌ಗಳಲ್ಲಿ ಆಸಿಲೋಸ್ಕೋಪಿಗೆ ಕೊಡಿ. ಏರುವ ಅಂಚನ್ನೇ ನೋಡಿ. ಮಿಡಿತ 100 ಮಿಲಿಸೆಕೆಂಡ್ ಅಗಲವಿದ್ದು ಉಪಕರಣ ಇಳಿಯುವ ಅಂಚನ್ನು ಹಿಡಿದರೆ ತಪ್ಪೂ ಅಷ್ಟೇ ದೊಡ್ಡದು.

ಜಿಪಿಎಸ್ ಕೈಕೊಟ್ಟಾಗ ಒಳಗಿನ ಓವನ್ ಕ್ರಿಸ್ಟಲ್, ಅಂದರೆ ಒಂದೇ ಬಿಸಿಯಲ್ಲಿಟ್ಟ ಕ್ರಿಸ್ಟಲ್, ಸಮಯ ಕಾಯುತ್ತದೆ. ನೂರು ಕೋಟಿಗೆ ಒಂದು ಭಾಗ ತಪ್ಪಿದರೂ 1.5 ಮೈಕ್ರೊಸೆಕೆಂಡ್ 25 ನಿಮಿಷದಲ್ಲಿ ಮುಗಿಯುತ್ತದೆ. 24 ಗಂಟೆ ತಾಳಬೇಕೆಂದರೆ ಅದಕ್ಕಿಂತ ಸುಮಾರು 60 ಪಟ್ಟು ನಿಖರತೆ ಬೇಕು. ಮಿತಿ ಮುಗಿದೊಡನೆ ಟವರ್ ತಾನಾಗಿಯೇ ಬಾಯಿ ಮುಚ್ಚುವಂತೆ ಸೆಟ್ ಮಾಡಿ. ಆ ಟವರ್‌ನ ಸೇವೆ ನಿಂತರೂ ನೆರೆಯ ಟವರ್‌ಗಳು ಉಳಿಯುತ್ತವೆ.

ಫೈಬರ್ ಮೇಲೆ ಸಂದೇಶಗಳ ಮೂಲಕ ಸಮಯ ಕಳಿಸುವ ಪಿಟಿಪಿಯನ್ನೂ ಬೆನ್ನಿಗಿಟ್ಟುಕೊಳ್ಳಬಹುದು. ಸಂದೇಶ ಹೋಗಿಬರಲು ಹಿಡಿದ ಹೊತ್ತನ್ನು ಅದು ಅರ್ಧ ಮಾಡಿ ಲೆಕ್ಕ ಹಾಕುತ್ತದೆ. ಹೋಗುವ ಎಳೆ ಬರುವ ಎಳೆಗಿಂತ 200 ಮೀಟರ್ ಉದ್ದವಿದ್ದರೆ ಅರ್ಧ ಮೈಕ್ರೊಸೆಕೆಂಡ್ ತಪ್ಪು ನುಸುಳುತ್ತದೆ, ಅಲಾರಂ ಮಾತ್ರ ಬರುವುದಿಲ್ಲ. ಅದಕ್ಕೇ ಜಿಪಿಎಸ್ ಚೆನ್ನಾಗಿರುವಾಗಲೇ ಎರಡನ್ನೂ ಹೋಲಿಸಿ, ವ್ಯತ್ಯಾಸವನ್ನು ತಿದ್ದುಪಡಿಯಾಗಿ ತುಂಬಿಡಿ.

ಟವರ್ ತನ್ನ ಪ್ರಸಾರವನ್ನು ಫ್ರೇಮ್ ಎಂಬ ತುಂಡುಗಳಾಗಿ ಎಣಿಸುತ್ತದೆ. ಎಲ್ಲ ಸರಿಯಿದ್ದೂ ಟವರ್‌ಗಳ ಫ್ರೇಮ್ ಸಂಖ್ಯೆ ಕೂಡದಿದ್ದರೆ ಕಾಲಮಾನ ನೋಡಿ. 2017ರಿಂದ ಜಿಪಿಎಸ್ ಸಮಯ ಯುಟಿಸಿಗಿಂತ, ಅಂದರೆ ಜಗತ್ತಿನ ಗಡಿಯಾರಗಳು ಅನುಸರಿಸುವ ಸಮಯಕ್ಕಿಂತ, 18 ಸೆಕೆಂಡ್ ಮುಂದಿದೆ. ಒಂದು ಟವರ್ ಜಿಪಿಎಸ್ ಸಮಯ, ಇನ್ನೊಂದು ಯುಟಿಸಿ ಹಿಡಿದರೂ 10 ಮಿಲಿಸೆಕೆಂಡಿನ ಫ್ರೇಮ್ ಅಂಚುಗಳು ಕೂಡುತ್ತವೆ, ಆದರೆ ಎಣಿಕೆ 10.24 ಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುವುದರಿಂದ 776 ಫ್ರೇಮ್ ವ್ಯತ್ಯಾಸ ಕಾಣುತ್ತದೆ. ಆ ಸಂಖ್ಯೆ ಕಂಡರೆ ಕೇಬಲ್ ಬಿಚ್ಚಬೇಡಿ, ಸೆಟ್ಟಿಂಗ್ ತೆರೆಯಿರಿ.