ಸರ್ವರ್ ಸ್ಲೋ ಆದಾಗ ಕರ್ನಲ್‌ನ ಗಡಿಯಾರ ನೋಡಿದ್ದು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒಂದು ಸಣ್ಣ ಫ್ಯಾಕ್ಟರಿ ಇದೆ. ಅಲ್ಲಿ ಸೆನ್ಸರ್ ರೀಡಿಂಗ್ ಬರೆದಿಡುವ ಲಿನಕ್ಸ್ ಸರ್ವರ್ ನೋಡಿಕೊಳ್ಳೋದು ನಾನು. ಒಮ್ಮೆ ಆಪರೇಟರ್ ಫೋನ್ ಮಾಡಿ, "ಸರ, ಮಷೀನ್ ಭಾಳ ಸ್ಲೋ ಆಗೇತ್ರಿ, ರಿಬೂಟ್ ಮಾಡಿದ್ರೂ ಹಂಗ ಐತ್ರಿ" ಎಂದರು.

ಡಿಸ್ಕ್ ಸರಿ ಇತ್ತು, ಮೆಮೊರಿಯೂ ಸರಿ. ಆದರೆ ಸಿಪಿಯು ಸಮಯ ಜಾಸ್ತಿ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಖರ್ಚಾಗುತ್ತಿತ್ತು. ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಸ್ಟ್ರೇಸ್ ಹಾಕಿ ನೋಡಿದರೆ ಪರದೆ ತುಂಬ ಟೈಮ್ ಕೇಳುವ ಕ್ಲಾಕ್‌ಗೆಟ್‌ಟೈಮ್ ಕರೆಗಳು. ನನಗೆ ಸುಳಿವು ಸಿಕ್ಕಿದ್ದೇ ಅಲ್ಲಿ. ಯಾಕಂದ್ರೆ ಎಲ್ಲ ಸರಿ ಇದ್ದಾಗ ಈ ಕರೆ ಸ್ಟ್ರೇಸ್‌ನಲ್ಲಿ ಕಾಣೋದೇ ಇಲ್ಲ. ಕರ್ನಲ್ ಪ್ರತಿ ಪ್ರೋಗ್ರಾಮಿಗೂ ಕೊಟ್ಟಿಡುವ ವಿಡಿಎಸ್ಒ ಎಂಬ ಸಣ್ಣ ಲೈಬ್ರರಿ ಮೂಲಕ ಪ್ರೋಗ್ರಾಮ್ ಕರ್ನಲ್ ಒಳಗೆ ಹೋಗದೆಯೇ ಟೈಮ್ ಓದಿಕೊಳ್ಳುತ್ತದೆ.

ಕರ್ನಲ್ ತನ್ನ ಸ್ಥಿತಿಯನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ, ಈಗ ಬಳಸುತ್ತಿರುವ ಗಡಿಯಾರ ಯಾವುದೆಂದು ಹೇಳುವ 'ಕರೆಂಟ್ ಕ್ಲಾಕ್‌ಸೋರ್ಸ್' ಎಂಬ ಫೈಲ್ ಇದೆ. ತೆಗೆದು ನೋಡಿದೆ: ಎಚ್‌ಪಿಇಟಿ. ಇರಬೇಕಾಗಿದ್ದದ್ದು ಟಿಎಸ್‌ಸಿ. ಎರಡೂ ಮಷೀನ್ ಒಳಗಿನ ಹಾರ್ಡ್‌ವೇರ್ ಗಡಿಯಾರಗಳೇ.

ಕರ್ನಲ್ ಪ್ರತಿ ಗಡಿಯಾರಕ್ಕೂ ಒಂದು ರೇಟಿಂಗ್ ಕೊಡುತ್ತದೆ. ಟಿಎಸ್‌ಸಿಗೆ 300, ಎಚ್‌ಪಿಇಟಿಗೆ 250, ಎಸಿಪಿಐ ಪಿಎಂ ಟೈಮರ್ ಎಂಬ ಇನ್ನೊಂದು ಗಡಿಯಾರಕ್ಕೆ 200. ನಂಬಬಹುದಾದವುಗಳಲ್ಲಿ ಹೆಚ್ಚು ರೇಟಿಂಗ್ ಇದ್ದದ್ದನ್ನು ಆರಿಸುತ್ತದೆ. ಟಿಎಸ್‌ಸಿ ಸಿಪಿಯು ಒಳಗೇ ಇರುವ ಕೌಂಟರ್, ಓದಲು ಹತ್ತಾರು ನ್ಯಾನೊಸೆಕೆಂಡ್ ಸಾಕು. ಎಚ್‌ಪಿಇಟಿ ಸಿಪಿಯು ಹೊರಗಿನ ಚಿಪ್‌ಸೆಟ್‌ನಲ್ಲಿದೆ, ಒಂದು ಸಲ ಓದಲು ಮೈಕ್ರೊಸೆಕೆಂಡ್, ಅಂದರೆ ಸಾವಿರ ನ್ಯಾನೊಸೆಕೆಂಡ್, ಆಸುಪಾಸು ಬೇಕು. ಒಂದೆರಡು ಸಲ ಓದಿದರೆ ಏನೂ ಅಲ್ಲ, ಆದರೆ ನಮ್ಮ ಪ್ರೋಗ್ರಾಮ್ ಪ್ರತಿ ರೀಡಿಂಗ್‌ಗೂ ಟೈಮ್ ಹಾಕುತ್ತದೆ, ರೀಡಿಂಗ್ ಬರೋದು ಒಂದೇ ಸಮನೆ, ಆಗ ಈ ವ್ಯತ್ಯಾಸ ಮಷೀನನ್ನೇ ಹಿಡಿದು ನಿಲ್ಲಿಸುತ್ತದೆ.

ಹಾಗಾದರೆ ಕರ್ನಲ್ ಟಿಎಸ್‌ಸಿ ಬಿಟ್ಟಿದ್ದು ಯಾಕೆ? ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ಉತ್ತರ ಇತ್ತು. ಕರ್ನಲ್‌ನ ವಾಚ್‌ಡಾಗ್ ಅರ್ಧ ಸೆಕೆಂಡಿಗೊಮ್ಮೆ ಟಿಎಸ್‌ಸಿಯನ್ನು ಇನ್ನೊಂದು ಗಡಿಯಾರದ ಜೊತೆ ತಾಳೆ ನೋಡುತ್ತದೆ. ವ್ಯತ್ಯಾಸ ಮಿತಿ ಮೀರಿದರೆ ಟಿಎಸ್‌ಸಿ 'ಅನ್‌ಸ್ಟೇಬಲ್' ಎಂದು ಬರೆದು ಪಕ್ಕಕ್ಕಿಡುತ್ತದೆ. ಅದೇ ಸಾಲಿನ ಮೇಲೆ ಇನ್ನೊಂದು ಸಾಲು, ಫರ್ಮ್‌ವೇರ್ ಬಗ್ ಎಂದು: ಸಿಪಿಯು ಕೋರ್‌ಗಳ 'ಟಿಎಸ್‌ಸಿ ಅಡ್ಜಸ್ಟ್' (ಆಯಾ ಕೋರ್‌ನ ಕೌಂಟರಿಗೆ ಕೂಡಿಸುವ ಹೊಂದಾಣಿಕೆ ಸಂಖ್ಯೆ) ಒಂದಕ್ಕೊಂದು ಹೊಂದುತ್ತಿಲ್ಲ. ಅಂದರೆ ಮಷೀನ್ ಆನ್ ಆದಾಗ ಮೊದಲು ಓಡುವ ಫರ್ಮ್‌ವೇರ್ ಆದ ಹಳೆಯ ಬಯಾಸ್ ಆ ಕೌಂಟರಿಗೆ ಕೈಹಾಕಿತ್ತು.

ಕರ್ನಲ್ ಬೂಟ್ ಸಾಲಿನಲ್ಲಿ 'ಟಿಎಸ್‌ಸಿ=ರಿಲಯಬಲ್' ಬರೆದು ಸುಮ್ನಾಗಿ ಅಂತ ಸಲಹೆ ಕೊಡುವವರು ಬಹಳ ಜನ. ನಾನು ಅದನ್ನು ಒಪ್ಪೋದಿಲ್ಲ. ಹಾಗೆ ಬರೆದರೆ ತಾಳೆ ನೋಡೋದು ನಿಲ್ಲುತ್ತದೆ ಅಷ್ಟೇ, ಕೌಂಟರ್ ಸರಿಯಾಗೋದಿಲ್ಲ. ಎರಡು ಕೋರ್ ಬೇರೆ ಬೇರೆ ಟೈಮ್ ಹೇಳಿದರೆ ಆಮೇಲೆ ಬಂದ ರೀಡಿಂಗ್ ಮೊದಲೇ ಬಂದಂತೆ ದಾಖಲಾಗಬಹುದು. ನಿಧಾನವಾದರೆ ತಡೆದುಕೊಳ್ಳಬಹುದು, ದಾಖಲೆಯೇ ತಪ್ಪಾದರೆ ಏನು ಮಾಡೋದು?

ಬಯಾಸ್ ಅಪ್‌ಡೇಟ್ ಮಾಡಿದೆ. ಕರೆಂಟ್ ಪೂರ್ತಿ ತೆಗೆದು ಮತ್ತೆ ಹಾಕಿದೆ. ಫರ್ಮ್‌ವೇರ್ ಬಗ್ ಸಾಲು ಹೋಯಿತು, ಕರ್ನಲ್ ತಾನಾಗಿಯೇ ಟಿಎಸ್‌ಸಿ ಆರಿಸಿತು. ಈಗ ನಾನು ನೋಡಿಕೊಳ್ಳುವ ಎಲ್ಲ ಸರ್ವರ್‌ಗಳಲ್ಲೂ ಆ ಕರೆಂಟ್ ಕ್ಲಾಕ್‌ಸೋರ್ಸ್ ಫೈಲ್ ಬದಲಾದರೆ ಮೆಸೇಜ್ ಬರುವಂತೆ ಮಾಡಿದ್ದೇನೆ. ಕೆವಿಎಂ (ಒಂದೇ ಲಿನಕ್ಸ್ ಮಷೀನ್‌ನಲ್ಲಿ ಹಲವು ಮಷೀನ್ ಓಡಿಸುವ ವ್ಯವಸ್ಥೆ) ಮೇಲಿರುವ ವರ್ಚುವಲ್ ಮಷೀನ್‌ನಲ್ಲಿ ಮಾತ್ರ 'ಕೆವಿಎಂ-ಕ್ಲಾಕ್' ಅಂತ ಇದ್ದರೆ ಗಾಬರಿ ಬೇಡ, ಅಲ್ಲಿ ಅದು ಇರಬೇಕಾದದ್ದೇ.